ಬಕೆಟ್ಟಿನಲ್ಲಿ ಕಸದ ಉಪ್ಪಿನಕಾಯಿ: ಮನೆಯಲ್ಲೇ ಬೊಕಾಶಿ ಮಾಡುವ ಸಮಗ್ರ ಮಾರ್ಗದರ್ಶಿ

ಅಡುಗೆಮನೆ ಕಸವನ್ನು ಬಕೆಟ್ಟಿನಲ್ಲಿ ಗಾಳಿಯಾಡದ ಹಾಗೆ ಮುಚ್ಚಿಟ್ಟು ಗೊಬ್ಬರ ಮಾಡುವ ಜಪಾನಿ ವಿಧಾನವೇ ಬೊಕಾಶಿ. ಮೊದಲ ಸಲ ಆ ಬಕೆಟ್ಟಿನ ಮುಚ್ಚಳ ತೆಗೆದ ದಿನ ನಾನು ಮೋಸ ಹೋದೆ ಅಂದುಕೊಂಡೆ. ಹದಿನೈದು ದಿನ ಕಾದಿದ್ದೆ. ಕಪ್ಪಗೆ ಪುಡಿಪುಡಿಯಾದ ಗೊಬ್ಬರ ಸಿಗುತ್ತದೆ ಎಂದು ಪಕ್ಕದಲ್ಲಿ ಖಾಲಿ ಕುಂಡಗಳನ್ನೂ ಜೋಡಿಸಿಟ್ಟಿದ್ದೆ. ಒಳಗೆ ನೋಡಿದರೆ ಕಿತ್ತಳೆ ಸಿಪ್ಪೆ ಕಿತ್ತಳೆ ಸಿಪ್ಪೆಯಾಗಿಯೇ ಇದೆ. ಬೀನ್ಸ್ ನಾರು ಹಾಗೇ ಇದೆ. ಎಂದೋ ಹಾಕಿದ ಚಪಾತಿ ಚೂರನ್ನು ಗುರುತು ಹಿಡಿಯಬಹುದು. ಮೇಲೆ ಅಲ್ಲಲ್ಲಿ ಹತ್ತಿ ಅಂಟಿಸಿದ ಹಾಗೆ ಬಿಳಿ ಬೂಷ್ಟು. ನಮ್ಮ ಅತ್ತೆ ಬಗ್ಗಿ ಮೂಸಿ ನೋಡಿದರು. "ಇದೇನೇ, ಹೆರಳೆಕಾಯಿ ಉಪ್ಪಿನಕಾಯಿ ವಾಸನೆ ಬರ್ತಿದೆ!" ಅಂದರು.

ಅವರಿಗೆ ಒಂದೇ ಸಲಕ್ಕೆ ಗೊತ್ತಾದದ್ದು ನನಗೆ ತಿಳಿಯಲು ಇನ್ನೊಂದು ತಿಂಗಳು ಬೇಕಾಯಿತು. ಬಕೆಟ್ಟಿನಲ್ಲಿ ನಡೆಯುವುದು ಅರ್ಧ ಕೆಲಸ ಮಾತ್ರ. ಅಲ್ಲಿ ಕಸ ಹುಳಿ ಬರುತ್ತದೆ, ಅಷ್ಟೇ. ಅದು ಗೊಬ್ಬರವಾಗುವುದು ಮಣ್ಣಿಗೆ ಸೇರಿದ ಮೇಲೆ. ಬೊಕಾಶಿ ಶುರುಮಾಡಿ ಎರಡೇ ತಿಂಗಳಿಗೆ ಬಿಟ್ಟವರನ್ನು ಕೇಳಿ ನೋಡಿ, ಹೆಚ್ಚಿನವರಿಗೆ ಈ ಎರಡನೇ ಅರ್ಧವನ್ನು ಯಾರೂ ಸರಿಯಾಗಿ ಹೇಳಿಕೊಟ್ಟಿರುವುದಿಲ್ಲ. ಅದಕ್ಕೇ ಇಲ್ಲಿ ಬಕೆಟ್ಟಿನ ಬಗ್ಗೆ ಬರೆದಷ್ಟೇ ಮಣ್ಣಿನ ಬಗ್ಗೆಯೂ ಬರೆದಿದ್ದೇನೆ.

ಒಳಗೆ ಏನು ನಡೆಯುತ್ತದೆ

ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಹುಳಿ ಬಂದಿರುತ್ತದಲ್ಲ, ಇಲ್ಲಿ ಕಸದಲ್ಲಿ ಆಗುವುದೂ ಅದೇ. ಆ ಕೆಲಸ ಮಾಡುವವರೂ ಹೆಚ್ಚುಕಡಿಮೆ ಅದೇ ಬಳಗ: ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ, ಜೊತೆಗೆ ಯೀಸ್ಟ್. ಗಾಳಿಯಾಡದ ಜಾಗದಲ್ಲಿ ಇವು ಕಸದಲ್ಲಿರುವ ಸಕ್ಕರೆ, ಪಿಷ್ಟವನ್ನು ತಿಂದು ಆಮ್ಲ ಬಿಡುತ್ತವೆ. ಹುಳಿ ಅಳೆಯುವ ಪಿಎಚ್ ಅಂಕಿ 4ರ ಆಸುಪಾಸಿಗೆ ಇಳಿಯುತ್ತದೆ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ಅಷ್ಟು ಹುಳಿಯಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗೆ ಬದುಕುವುದು ಕಷ್ಟ. ಹಾಗಾಗಿ ಕಸ ಕೊಳೆಯುವುದಿಲ್ಲ, ನಾರುವುದಿಲ್ಲ.

ಹಸು ಸಾಕುವವರಿಗೆ ರಸಮೇವು ಗೊತ್ತಿರುತ್ತದೆ. ಹಸಿ ಮೆಕ್ಕೆಜೋಳದ ದಂಟು ಕತ್ತರಿಸಿ, ತುಳಿದು ಗಾಳಿ ತೆಗೆದು, ಮೇಲೆ ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಮುಚ್ಚಿಡುತ್ತಾರೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಬೊಕಾಶಿ ಅಂದರೆ ಅಡುಗೆಮನೆ ಕಸದ ರಸಮೇವು. ತುಳಿಯುವುದು, ಗಾಳಿ ತೆಗೆಯುವುದು, ಮುಚ್ಚುವುದು ಎಂಬ ಮೂರು ಕೆಲಸ ಸರಿಯಾಗಿ ಮಾಡಿದರೆ ಉಳಿದದ್ದು ತಾನಾಗಿ ಆಗುತ್ತದೆ.

ಹೆಸರು ಜಪಾನಿನದು. ಬಣ್ಣ ನಿಧಾನವಾಗಿ ಮಸುಕಾಗುತ್ತಾ ಹೋಗುವುದಕ್ಕೆ ಅಲ್ಲಿ ಬೊಕಾಶಿ ಎನ್ನುತ್ತಾರೆ. ಜಪಾನಿನ ರೈತರು ಅಕ್ಕಿ ತೌಡು, ಹಿಂಡಿ, ಮಣ್ಣು ಬೆರೆಸಿ ಹುದುಗಿಸಿದ ಗೊಬ್ಬರಕ್ಕೂ ಇದೇ ಹೆಸರಿಟ್ಟಿದ್ದರು. 1980ರ ದಶಕದಲ್ಲಿ ಓಕಿನಾವಾದ ರ್‍ಯೂಕ್ಯೂ ವಿಶ್ವವಿದ್ಯಾಲಯದ ಪ್ರೊಫೆಸರ್ ತೆರುವೊ ಹಿಗಾ ಅವರು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಯೀಸ್ಟ್, ಬೆಳಕು ಬಳಸುವ ಒಂದು ಬಗೆಯ ಬ್ಯಾಕ್ಟೀರಿಯಾ ಸೇರಿಸಿದ ಮಿಶ್ರಣವೊಂದನ್ನು ತಂದರು. ಅದೇ ಈಗ ಅಂಗಡಿಗಳಲ್ಲಿ ಸಿಗುವ ಇಎಂ (ಎಫೆಕ್ಟಿವ್ ಮೈಕ್ರೋಆರ್ಗನಿಸಮ್ಸ್) ದ್ರಾವಣ. ಇದರ ಬಗ್ಗೆ ಕೆಲವರು ಹೇಳುವ ಪವಾಡದ ಕತೆಗಳನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಿ. ನಮಗೆ ಬೇಕಿರುವುದು ಕಸ ಹುಳಿ ಬರುವುದು, ಅಷ್ಟೇ. ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ.

ಎಲ್ಲರಿಗೂ ಇದು ಬೇಕಾ?

ಬೇಡ. ಹಿತ್ತಲಿದ್ದು, ಅಲ್ಲೊಂದು ತಿಪ್ಪೆಗುಂಡಿ ಇದ್ದು, ಕಲಗಚ್ಚು ಕುಡಿಯಲು ಒಂದು ಹಸುವೂ ಇದ್ದರೆ ಬೊಕಾಶಿಯ ತಂಟೆಗೇ ಹೋಗಬೇಡಿ. ಅದಕ್ಕಿಂತ ಒಳ್ಳೆ ವ್ಯವಸ್ಥೆ ಇಲ್ಲ. ತಾರಸಿಯಲ್ಲಿ ಮಣ್ಣಿನ ಮಡಕೆಗಳ ಕಂಬ ಇಟ್ಟುಕೊಂಡು ತರಕಾರಿ ಸಿಪ್ಪೆ, ಒಣ ಎಲೆ ಹಾಕಿ ಗೊಬ್ಬರ ಮಾಡುತ್ತಿದ್ದೀರಾ? ಅದನ್ನೂ ಬಿಡಬೇಡಿ.

ಬೊಕಾಶಿ ಬೇಕಾಗುವುದು ಆ ಕಂಬ ಒಲ್ಲದ ಕಸಕ್ಕೆ. ಮಿಕ್ಕ ಚಿತ್ರಾನ್ನ, ಒಗ್ಗರಣೆ ಹಾಕಿದ ಪಲ್ಯ, ಹಳಸುವ ಹಂತದ ಇಡ್ಲಿ, ಮೀನಿನ ಮುಳ್ಳು, ಮೊಟ್ಟೆ, ಮಾಂಸದ ಚೂರು. ಗಾಳಿಯಾಡುವ ಗೊಬ್ಬರದ ರಾಶಿಗೆ ಇವನ್ನು ಹಾಕಿದರೆ ಹುಳ, ವಾಸನೆ, ಹೆಗ್ಗಣ ಎಲ್ಲ ಬರುತ್ತವೆ. ಬೊಕಾಶಿ ಬಕೆಟ್ಟಿಗೆ ಇವೂ ಆಗುತ್ತವೆ. ಜಾಗವೂ ಕಡಿಮೆ ಸಾಕು. ಸಿಂಕಿನ ಕೆಳಗೆ ಒಂದು ಬಕೆಟ್ ಹಿಡಿದರೆ ಆಯಿತು.

ಬಕೆಟ್

ಬೊಕಾಶಿಗೆಂದೇ ನಲ್ಲಿ ಇರುವ ಬಕೆಟ್ ಸಿಗುತ್ತದೆ. ಕೊಂಡರೂ ಸರಿ. ಆದರೆ ನಾನು ಈಗ ಬಳಸುವುದು ಹಳೇ ಪೇಂಟ್ ಬಕೆಟ್. 20 ಲೀಟರಿನ ಪೇಂಟ್ ಬಕೆಟ್ಟಿನ ಮುಚ್ಚಳ ಅದುಮಿದರೆ ಟಪ್ ಎಂದು ಕೂರುತ್ತದೆ, ಗಾಳಿ ಆಡುವುದಿಲ್ಲ. ನಮಗೆ ಬೇಕಿರುವುದೂ ಅದೇ. ನೀರಿನಲ್ಲಿ ಕಲಸುವ ಪೇಂಟಿನದೇ ಆಗಿರಲಿ. ಟರ್ಪೆಂಟೈನ್ ವಾಸನೆ ಇರುವ ಎನಾಮಲ್ ಡಬ್ಬ ಬೇಡ. ಪೇಂಟು ಒಂದಿಷ್ಟೂ ಉಳಿಯದ ಹಾಗೆ ಉಜ್ಜಿ ತೊಳೆಯಿರಿ.

ಒಂದು ಬಕೆಟ್ಟಿನ ತಳಕ್ಕೆ ಇಪ್ಪತ್ತು ಮೂವತ್ತು ತೂತು ಮಾಡಿ. ಡ್ರಿಲ್ ಇಲ್ಲದಿದ್ದರೆ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಮೇಲೆ ಕಾಯಿಸಿ ಚುಚ್ಚಿದರೆ ಸಾಕು. ಕಿಟಕಿ ತೆಗೆದಿಡಿ, ಹೊಗೆ ಬರುತ್ತದೆ. ಈ ಬಕೆಟ್ಟನ್ನು ತೂತಿಲ್ಲದ ಇನ್ನೊಂದರೊಳಗೆ ಇಳಿಸಿ. ಇಡ್ಲಿ ಪಾತ್ರೆಯ ಹಾಗೆ, ಮೇಲೆ ಕಸ, ಕೆಳಗೆ ನೀರು. ಎರಡರ ನಡುವೆ ನಾಲ್ಕು ಬೆರಳು ಜಾಗ ಉಳಿಯಲು ಕೆಳಗೆ ಒಂದು ತೆಂಗಿನ ಚಿಪ್ಪು ಬೋರಲು ಹಾಕಿದರಾಯಿತು. ನಲ್ಲಿ ಕೂರಿಸುವ ಗೋಜಿಲ್ಲ, ಸೋರುವ ಭಯವಿಲ್ಲ.

ಇಂಥ ಜೋಡಿ ಎರಡು ಬೇಕು. ನಮ್ಮ ಮನೆಯಲ್ಲಿ ನಾಲ್ಕು ಜನ. ದಿನಕ್ಕೆ ಹತ್ತಿರ ಒಂದು ಕೇಜಿ ಹಸಿ ಕಸ ಬರುತ್ತದೆ. 20 ಲೀಟರ್ ಬಕೆಟ್ ತುಂಬಲು ಸುಮಾರು ಎರಡು ವಾರ. ತುಂಬಿದ್ದು ಎರಡು ವಾರ ಸುಮ್ನೆ ಕೂರಬೇಕು. ಆ ಹೊತ್ತಿಗೆ ಇನ್ನೊಂದು ತುಂಬಿರುತ್ತದೆ. ಇಬ್ಬರೇ ಇರುವ ಮನೆಗೆ 10 ಲೀಟರಿನದು ಸಾಕು. ದೊಡ್ಡದು ತಂದರೆ ತುಂಬಲು ತಿಂಗಳಾಗಿ, ಅಷ್ಟು ದಿನ ದಿನಾ ಮುಚ್ಚಳ ತೆಗೆದು ಗಾಳಿ ಸೇರಿಸಿದ ಹಾಗಾಗುತ್ತದೆ.

ಬೊಕಾಶಿ ಬೂಸಾ

ದೋಸೆ ಹಿಟ್ಟಿಗೆ ಉದ್ದು ಹೇಗೋ ಇಲ್ಲಿ ಬೂಸಾ ಹಾಗೆ. ಗೋಧಿ ಬೂಸಾದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಒಣಗಿಸಿ ಇಟ್ಟುಕೊಳ್ಳುತ್ತೇವೆ. ಕಸ ಹಾಕಿದಾಗಲೆಲ್ಲ ಮೇಲೊಂದು ಹಿಡಿ ಉದುರಿಸುತ್ತೇವೆ.

ರೆಡಿಮೇಡ್ ಸಿಗುತ್ತದೆ. ಕೊಳ್ಳುವಾಗ ಪ್ಯಾಕೆಟ್ ಮೇಲೆ ಬೊಕಾಶಿ ಅಥವಾ ಇಎಂ ಎಂದು ಇದೆಯಾ ನೋಡಿ. ಸುಮ್ನೆ ಕಾಂಪೋಸ್ಟ್ ಪುಡಿ ಎಂದು ಮಾರುವುದರಲ್ಲಿ ಹೆಚ್ಚಿನವು ಗಾಳಿಯಾಡುವ ಗೊಬ್ಬರಕ್ಕೆ ಮಾಡಿದ್ದು. ಮುಚ್ಚಿದ ಬಕೆಟ್ಟಿನಲ್ಲಿ ಅದು ಕೆಲಸ ಮಾಡುವುದಿಲ್ಲ. ನಾನು ಒಮ್ಮೆ ತಂದು ಕೈ ಸುಟ್ಟುಕೊಂಡಿದ್ದೇನೆ.

ಮನೆಯಲ್ಲೇ ಮಾಡುವುದು ಕಷ್ಟವಿಲ್ಲ. ಹಸುವಿನ ಮೇವು ಮಾರುವ ಅಂಗಡಿಯಲ್ಲಿ 2 ಕೇಜಿ ಗೋಧಿ ಬೂಸಾ ತನ್ನಿ. ಬೂಸಾ ಸಿಗದಿದ್ದರೆ ಅಕ್ಕಿ ತೌಡೂ ಆಗುತ್ತದೆ, ಆದರೆ ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಬೇಗ ಕಮಟು ಬರುತ್ತದೆ. ಸುಮಾರು ಒಂದು ಲೀಟರ್ ನೀರನ್ನು ಅಗಲವಾದ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಡಿ. ನಲ್ಲಿ ನೀರಿನ ಕ್ಲೋರಿನ್ ಹೋಗಲಿ ಎಂದು ಇದು, ಬೋರ್‌ವೆಲ್ ನೀರಾದರೆ ಬೇಕಿಲ್ಲ. ಅದಕ್ಕೆ ಎರಡು ದೊಡ್ಡ ಚಮಚ ಪುಡಿ ಬೆಲ್ಲ ಕರಗಿಸಿ, ಎರಡು ದೊಡ್ಡ ಚಮಚ ಇಎಂ ದ್ರಾವಣ ಸೇರಿಸಿ.

ಈ ನೀರನ್ನು ಬೂಸಾಗೆ ಒಂದೇ ಸಲ ಸುರಿಯಬೇಡಿ. ಚಿಮುಕಿಸುತ್ತಾ ಕೈಯಲ್ಲಿ ಕಲಸುತ್ತಾ ಹೋಗಿ. ಹದ ಇದು: ಮುಷ್ಟಿಯಲ್ಲಿ ಹಿಡಿದು ಅದುಮಿದರೆ ತಂಬಿಟ್ಟಿನ ಹಾಗೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಒಸರಬಾರದು, ಬೆರಳು ತಾಕಿಸಿದರೆ ಉಂಡೆ ಒಡೆಯಬೇಕು. ಆ ಹದ ಬಂದ ಕೂಡಲೇ ನಿಲ್ಲಿಸಿ. ನೀರು ಉಳಿದರೆ ಉಳಿಯಲಿ. ಜಾಸ್ತಿಯಾದರೆ ಇನ್ನಷ್ಟು ಬೂಸಾ ಸೇರಿಸಿ.

ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಅದುಮಿ ತುಂಬಿ, ಗಾಳಿ ಹಿಂಡಿ ತೆಗೆದು, ಬಾಯಿ ಬಿಗಿದು, ಬಿಸಿಲು ಬೀಳದ ಕಡೆ ಎರಡು ವಾರ ಇಡಿ. ಡಿಸೆಂಬರ್, ಜನವರಿಯ ಬೆಂಗಳೂರಿನಲ್ಲಿ ಮೂರು ವಾರ ಬಿಡುವುದು ಒಳ್ಳೆಯದು. ಚೀಲ ಬಿಚ್ಚಿದಾಗ ಸಿಹಿಹುಳಿ ವಾಸನೆ ಬಂದರೆ ಆಯಿತು. ಹಾಳೆಯ ಮೇಲೆ ತೆಳ್ಳಗೆ ಹರಡಿ ನೆರಳಲ್ಲಿ ಒಣಗಿಸಿ, ಡಬ್ಬಕ್ಕೆ ತುಂಬಿಡಿ. ಚೆನ್ನಾಗಿ ಒಣಗಿದ್ದರೆ ಒಂದು ವರ್ಷ ಇರುತ್ತದೆ. ಒಂದು ಬಕೆಟ್ಟಿಗೆ ಅರ್ಧ ಕೇಜಿ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ.

ಇಎಂ ಕೊಳ್ಳಲು ಇಷ್ಟವಿಲ್ಲವೇ? ಅಕ್ಕಚ್ಚು ಇದೆಯಲ್ಲ. ಅಕ್ಕಿ ಮೊದಲ ಸಲ ತೊಳೆದ ಬೆಳ್ಳನೆಯ ನೀರನ್ನು ಪಾತ್ರೆಗೆ ಹಾಕಿ, ತೆಳು ಬಟ್ಟೆ ಕಟ್ಟಿ, ಮೂರು ನಾಲ್ಕು ದಿನ ಬಿಡಿ. ಹುಳಿ ವಾಸನೆ ಬಂದ ಮೇಲೆ ಮೇಲಿನ ಕೆನೆ, ತಳದ ಗಸಿ ಬಿಟ್ಟು ನಡುವಿನ ನೀರು ಒಂದು ಲೋಟ ತೆಗೆದುಕೊಳ್ಳಿ. ಅದನ್ನು ಹತ್ತು ಲೋಟ ಹಸಿ ಹಾಲಿಗೆ ಬೆರೆಸಿ ಮತ್ತೆ ಬಟ್ಟೆ ಕಟ್ಟಿ. ಐದರಿಂದ ಏಳು ದಿನದಲ್ಲಿ ಗಟ್ಟಿ ಭಾಗ ಮೇಲೆ ತೇಲಿ, ಕೆಳಗೆ ಹಳದಿ ಬಣ್ಣದ ತಿಳಿ ನಿಲ್ಲುತ್ತದೆ. ಆ ತಿಳಿಯೇ ನಮಗೆ ಬೇಕಾದದ್ದು. ಸೋಸಿ, ಇಎಂ ಬದಲು ಬಳಸಿ. ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಮೇಲೆ ತೇಲಿದ ಗಟ್ಟಿಯನ್ನು ಬಕೆಟ್ಟಿಗೇ ಹಾಕಿ.

ಏನು ಹಾಕಬಹುದು, ಏನು ಬೇಡ

ಬೇಡದ್ದರ ಪಟ್ಟಿ ಚಿಕ್ಕದು, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಸಾರು, ಮಜ್ಜಿಗೆ, ಹಾಲಿನಂಥ ನೀರುನೀರಾದದ್ದು ಬೇಡ. ಸಾರು ಬಸಿದು ಒಳಗಿನ ಬೇಳೆ, ತರಕಾರಿ ಹಾಕಬಹುದು. ಕರಿದ ಎಣ್ಣೆ ಸುರಿಯಬೇಡಿ. ಈಗಾಗಲೇ ಹಸಿರು, ಕಪ್ಪು ಬೂಷ್ಟು ಹಿಡಿದ ಬ್ರೆಡ್, ಹಣ್ಣು ಬೇಡ. ದಪ್ಪ ಮೂಳೆ, ತೆಂಗಿನ ಚಿಪ್ಪು, ಮಾವಿನ ಓಟೆ ಹಾಕಿದರೆ ತೊಂದರೆಯಿಲ್ಲ, ಆದರೆ ವರ್ಷವಾದರೂ ಹಾಗೇ ಇರುತ್ತವೆ. ನಾಯಿ, ಬೆಕ್ಕಿನ ಮಲ ಬೇಡವೇ ಬೇಡ. ಟೀ ಬ್ಯಾಗುಗಳಲ್ಲಿ ಎಷ್ಟೋ ಪ್ಲಾಸ್ಟಿಕ್ ಬಲೆಯವು, ಕತ್ತರಿಸಿ ಸೊಪ್ಪು ಮಾತ್ರ ಹಾಕಿ.

ಉಳಿದದ್ದೆಲ್ಲ ಸರಿ. ನಿಂಬೆ, ಈರುಳ್ಳಿ ಸಿಪ್ಪೆ ಹಾಕಬಾರದು ಎಂದು ಎರೆಹುಳು ಸಾಕುವವರು ಹೇಳುವ ಮಾತು ಇಲ್ಲಿಗೆ ಅನ್ವಯಿಸುವುದಿಲ್ಲ. ಪೂಜೆಯ ಹೂವು ಹಾಕಿ, ದಾರ ಬಿಚ್ಚಿಕೊಳ್ಳಿ. ಬಾಳೆಲೆ ಊಟವಾದರೆ ಎಲೆಯನ್ನು ಚೂರು ಮಾಡಿ ಹಾಕಿ.

ಎರಡು ಸಂದರ್ಭಗಳಲ್ಲಿ ಹುಷಾರು. ಒಂದು ಆಯುಧ ಪೂಜೆ. ಒಡೆದ ಬೂದುಗುಂಬಳ ಅಂದರೆ ಹೆಚ್ಚುಕಡಿಮೆ ಬರೀ ನೀರು. ಒಂದಿಡೀ ಕಾಯಿ ಬಕೆಟ್ಟಿಗೆ ಬಿದ್ದರೆ ಕೆಳಗಿನ ಬಕೆಟ್ ಎರಡೇ ದಿನದಲ್ಲಿ ತುಂಬುತ್ತದೆ. ಇನ್ನೊಂದು ಅವರೆಕಾಯಿ ಕಾಲ. ಹಿದುಕಿದ ಬೇಳೆ ಸಾರು ಮಾಡಿದ ದಿನ ಸಿಪ್ಪೆಯ ಗುಡ್ಡವೇ ಬೀಳುತ್ತದೆ, ಎರಡು ಕೇಜಿ ಕಾಯಿ ಬಿಡಿಸಿದರೆ ಅರ್ಧ ಬಕೆಟ್ ಹೋಯಿತು. ನಾನು ಅವರೆ ಸಿಪ್ಪೆಯನ್ನು ಬಕೆಟ್ಟಿಗೆ ಹಾಕುವುದೇ ಇಲ್ಲ. ತಾರಸಿಯಲ್ಲಿ ಗೋಣಿಚೀಲದ ಮೇಲೆ ಹರಡಿ ಒಣಗಿಸುತ್ತೇನೆ. ಅದು ಮುಂದೆ ಮಣ್ಣಿನ ಹಂತದಲ್ಲಿ ಬೇಕಾಗುತ್ತದೆ.

ದಿನನಿತ್ಯದ ಕೆಲಸ

ತಳಕ್ಕೆ ಎರಡು ಹಿಡಿ ಬೂಸಾ ಹರಡಿ ಶುರುಮಾಡಿ. ಕಸವನ್ನು ಚಿಕ್ಕದಾಗಿ ಹೆಚ್ಚಿಕೊಳ್ಳಿ. ಕಲ್ಲಂಗಡಿ ಸಿಪ್ಪೆ, ಹೂಕೋಸಿನ ದಿಂಡನ್ನು ಇಡಿಯಾಗಿ ಹಾಕಿದರೆ ನಡುವೆ ಗಾಳಿ ನಿಲ್ಲುತ್ತದೆ, ಹುಳಿಯೂ ಒಳಗೆ ಇಳಿಯುವುದಿಲ್ಲ. ಎರಡು ಬೆರಳು ಅಗಲದ ಚೂರಾದರೆ ಸಾಕು.

ಕಸ ಬಂದಾಗಲೆಲ್ಲ ಮುಚ್ಚಳ ತೆಗೆಯಬೇಡಿ. ಸಿಂಕಿನ ಪಕ್ಕ ಒಂದು ಚಿಕ್ಕ ಡಬ್ಬದಲ್ಲಿ ದಿನದ ಕಸ ಕೂಡಿಟ್ಟು, ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಂದೇ ಸಲ ಹಾಕಿ. ನೀರು ಬಸಿದು ಹಾಕಿ. ಪದರ ಮೂರು ನಾಲ್ಕು ಸೆಂಟಿಮೀಟರಿಗಿಂತ ದಪ್ಪ ಬೇಡ. ಮೇಲೆ ಒಂದು ಹಿಡಿ ಬೂಸಾ. ಅವತ್ತು ಮೀನೋ ಮಾಂಸವೋ ಅನ್ನವೋ ಜಾಸ್ತಿ ಬಿದ್ದಿದ್ದರೆ ಎರಡು ಹಿಡಿ. ಬೂಸಾ ಜಾಸ್ತಿಯಾಗಿ ಕೆಟ್ಟ ಬಕೆಟ್ ನಾನು ಕಂಡಿಲ್ಲ, ಕಡಿಮೆಯಾಗಿ ಕೆಟ್ಟದ್ದು ಬೇಕಾದಷ್ಟು.

ಆಮೇಲೆ ಅದುಮಿ. ಇದನ್ನು ಅಸಡ್ಡೆ ಮಾಡುವವರೇ ಹೆಚ್ಚು. ಒಂದು ಹಳೇ ಸ್ಟೀಲ್ ತಟ್ಟೆಯನ್ನು ಕಸದ ಮೇಲಿಟ್ಟು ಎರಡೂ ಕೈಯಿಂದ ಭಾರ ಬಿಟ್ಟು ಒತ್ತಿ. ಗುಳುಗುಳು ಸದ್ದಾಗಿ ಗಾಳಿ ಹೊರಬರುವುದು ಕೇಳಿಸುತ್ತದೆ. ಅದೇ ತಟ್ಟೆಯನ್ನು ಮೇಲೆ ಬಿಟ್ಟು, ಅದರ ಮೇಲೊಂದು ನೀರು ತುಂಬಿದ ಬಾಟಲಿ ಇಟ್ಟು ಮುಚ್ಚಳ ಹಾಕಿ. ಉಪ್ಪಿನಕಾಯಿ ಜಾಡಿಯಲ್ಲಿ ಕಾಯಿ ಮೇಲೆ ತೇಲದ ಹಾಗೆ ನೋಡಿಕೊಳ್ಳುತ್ತೇವಲ್ಲ, ಹಾಗೆ. ಬಕೆಟ್ ತುಂಬುತ್ತಾ ಬಂದಾಗ ಬಾಟಲಿ ತೆಗೆದುಬಿಡಿ.

ಮುಚ್ಚಳದ ನಾಲ್ಕೂ ಕಡೆ ಟಪ್ ಎಂದು ಕೂತಿದೆಯಾ ನೋಡಿ. ಒಂದು ಕಡೆ ಎದ್ದಿದ್ದರೂ ಸಾಕು, ಗುಂಗುರು ಹುಳ ಎಲ್ಲಿಂದಲೋ ಬಂದು ಮೊಟ್ಟೆಯಿಡುತ್ತದೆ.

ಕೆಳಗಿನ ನೀರು

ಮೂರು ನಾಲ್ಕು ದಿನಕ್ಕೆ ಕೆಳಗೆ ಕಂದು ಬಣ್ಣದ ನೀರು ಕೂಡುತ್ತದೆ. ಎರಡು ದಿನಕ್ಕೊಮ್ಮೆ ತೆಗೆಯಬೇಕು. ನಾನು ಮದುವೆಗೆಂದು ಊರಿಗೆ ಹೋಗಿ ಒಂಬತ್ತು ದಿನ ಬಿಟ್ಟಿದ್ದೆ. ನೀರು ಏರಿ ತೂತಿನಿಂದ ಕಸಕ್ಕೇ ತಾಕಿ, ತಳದ ನಾಲ್ಕು ಬೆರಳು ಕಸ ಕೊಳೆತು ನಾರುತ್ತಿತ್ತು. ಈಗ ಊರಿಗೆ ಹೋಗುವ ದಿನ ನೀರು ಬಸಿದು, ಹೊಸ ಕಸ ಹಾಕದೆ, ಬೂಸಾ ಉದುರಿಸಿ ಮುಚ್ಚಿ ಹೋಗುತ್ತೇನೆ.

ಈ ನೀರನ್ನು ಗಿಡಕ್ಕೆ ಹಾಕಬಹುದು, ಹಾಗೇ ಹಾಕಿದರೆ ಗಿಡ ಸುಡುತ್ತದೆ. ಒಂದು ಲೀಟರ್ ನೀರಿಗೆ 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚ. ಎಲೆಗೆ ಬೇಡ, ಬುಡದ ಮಣ್ಣಿಗೆ ಮಾತ್ರ. ತೆಗೆದ ದಿನವೇ ಬಳಸಿ. ನಮ್ಮ ಅಡುಗೆಯಲ್ಲಿ ಉಪ್ಪು ಜಾಸ್ತಿ, ಮಿಕ್ಕ ಪಲ್ಯ, ಉಪ್ಪಿನಕಾಯಿಯ ಉಪ್ಪೆಲ್ಲ ಈ ನೀರಿಗೇ ಇಳಿಯುತ್ತದೆ. ಹಾಗಾಗಿ ಕುಂಡದ ಗಿಡಗಳಿಗೆ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಉಳಿದದ್ದನ್ನು ಬಚ್ಚಲ ಪೈಪಿಗೋ ಕಮೋಡಿಗೋ ಸುರಿಯಿರಿ, ವಾಸನೆ ಕಡಿಮೆಯಾಗುತ್ತದೆ. ಬಾಟಲಿಗೆ ತುಂಬಿ ಬಿರಡೆ ಬಿಗಿದಿಡಬೇಡಿ. ಒಳಗೆ ಗ್ಯಾಸ್ ಕೂಡುತ್ತದೆ. ನಮ್ಮ ಯುಟಿಲಿಟಿಯ ಗೋಡೆಯ ಮೇಲೆ ಇನ್ನೂ ಒಂದು ಕಂದು ಕಲೆ ಇದೆ.

ಕೆಲವರ ಬಕೆಟ್ಟಿನಲ್ಲಿ ನೀರೇ ಬರುವುದಿಲ್ಲ. ಗಾಬರಿ ಬೇಡ. ಒಣ ಚಪಾತಿ, ಅನ್ನ ಜಾಸ್ತಿ ಬೀಳುವ ಮನೆಯಲ್ಲಿ ಹಾಗಾಗುತ್ತದೆ.

ತುಂಬಿದ ಮೇಲೆ

ಮೇಲೆ ಮೂರು ಹಿಡಿ ಬೂಸಾ ಹರಡಿ, ತಟ್ಟೆ ಒತ್ತಿ, ಮುಚ್ಚಳ ಬಿಗಿದು, ಮುಚ್ಚಳದ ಮೇಲೆ ತಾರೀಕು ಬರೆಯಿರಿ. ಎರಡು ವಾರ ಮುಟ್ಟಬೇಡಿ, ನೀರು ತೆಗೆಯುವುದೊಂದನ್ನು ಬಿಟ್ಟು. ನೆರಳಲ್ಲಿ ಇಡಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಾರಸಿಯ ಮೇಲಿಟ್ಟರೆ ಬ್ಯಾಕ್ಟೀರಿಯಾ ಬೆಂದು ಹೋಗುತ್ತದೆ, ಮನೆಯೊಳಗೇ ಇರಲಿ. ಎರಡು ವಾರದ ಮೇಲೆ ತಿಂಗಳು ಬಿಟ್ಟರೂ ಕೆಡುವುದಿಲ್ಲ.

ತೆರೆದಾಗ ನೀವೂ ನನ್ನ ಹಾಗೆ ಪೆಚ್ಚಾಗಬೇಡಿ. ಸಿಪ್ಪೆ ಸಿಪ್ಪೆಯಾಗಿಯೇ ಇರುತ್ತದೆ, ಬಣ್ಣ ಸ್ವಲ್ಪ ಮಾಸಿರುತ್ತದೆ. ಹುಳಿ ವಾಸನೆ, ಬಿಳಿ ಬೂಷ್ಟು ಇದ್ದರೆ ಪಾಸು. ಈಗ ಎರಡನೇ ಅರ್ಧ.

ಮಣ್ಣಿಗೆ ಸೇರಿಸುವುದು

ಹಿತ್ತಲಿರುವವರಿಗೆ ಸುಲಭ. ಒಂದು ಅಡಿ ಆಳದ ಕಾಲುವೆ ತೋಡಿ, ಬೊಕಾಶಿ ಸುರಿದು, ಗುದ್ದಲಿಯಲ್ಲಿ ಮಣ್ಣಿನ ಜೊತೆ ಕಲಸಿ, ಮೇಲೆ ಒಂದು ಗೇಣು ಮಣ್ಣು ಮುಚ್ಚಿ. ಹೆಗ್ಗಣ, ಬೀದಿನಾಯಿ ಕೆದಕುವ ಜಾಗವಾದರೆ ಮೇಲೊಂದು ಚಪ್ಪಡಿಯೋ ಹಳೇ ಜಾಲರಿಯೋ ಹಾಕಿ. ಬೆಳೆದ ಗಿಡದ ಬೇರಿಗೆ ತಾಕದ ಹಾಗೆ ಒಂದೂವರೆ ಅಡಿ ದೂರ ಇರಲಿ. ಎರಡರಿಂದ ನಾಲ್ಕು ವಾರ ಬಿಟ್ಟು ಅಲ್ಲಿ ಗಿಡ ನೆಡಬಹುದು. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ಹಿಡಿಯಬೇಡಿ. ಗುಂಡಿಯಲ್ಲಿ ನೀರು ನಿಂತು ಎಲ್ಲ ರಾಡಿಯಾಗುತ್ತದೆ.

ಫ್ಲ್ಯಾಟಿನವರಿಗೆ ಮತ್ತು ಮಳೆಗಾಲದಲ್ಲಿ ಎಲ್ಲರಿಗೂ ಮಣ್ಣಿನ ತೊಟ್ಟಿಯೇ ದಾರಿ. ತಳದಲ್ಲಿ ತೂತಿರುವ ದೊಡ್ಡ ಟಬ್, ಹಳೇ ಡ್ರಮ್ಮಿನ ಅರ್ಧ, ಗ್ರೋ ಬ್ಯಾಗ್ ಯಾವುದಾದರೂ ಆದೀತು. ಒಂದು ಪಾಲು ಬೊಕಾಶಿಗೆ ಎರಡು ಪಾಲು ಮಣ್ಣು ಬೇಕು. 20 ಲೀಟರ್ ಬಕೆಟ್ಟಿಗೆ 40 ಲೀಟರ್ ಮಣ್ಣು. ಒದ್ದೆ ಮಣ್ಣು ಸಿಕ್ಕಾಪಟ್ಟೆ ಭಾರ, ಬಾಲ್ಕನಿಯಲ್ಲಿ ಒಂದೇ ಕಡೆ ಪೇರಿಸಬೇಡಿ. ನಾನು ನಾಲ್ಕು ಗ್ರೋ ಬ್ಯಾಗಿಗೆ ಹಂಚುತ್ತೇನೆ.

ತಳಕ್ಕೆ ಮೂರು ಬೆರಳು ಒಣ ಎಲೆ. ಅದರ ಮೇಲೆ ಮಣ್ಣು, ಬೊಕಾಶಿ, ಇನ್ನೊಂದು ಹಿಡಿ ಪುಡಿ ಮಾಡಿದ ಎಲೆ ಎಲ್ಲ ಸೇರಿಸಿ ಕಲಸಿ. ಇಲ್ಲಿ ಸುಮ್ನೆ ಪದರ ಪದರವಾಗಿ ಸುರಿದು ಬಿಡುವವರಿದ್ದಾರೆ, ಆಗ ನಡುವೆ ಗಟ್ಟಿ ಮುದ್ದೆಯಾಗಿ ಹಾಗೇ ಉಳಿಯುತ್ತದೆ. ಪ್ರತಿ ಚೂರಿಗೂ ಮಣ್ಣು ಅಂಟಬೇಕು. ಕೈಗವಸು ಹಾಕಿಕೊಳ್ಳಿ, ಆ ಹುಳಿ ವಾಸನೆ ಎರಡು ದಿನ ಕೈಬಿಡುವುದಿಲ್ಲ. ಕೊನೆಗೆ ಮೇಲೆ ನಾಲ್ಕು ಬೆರಳು ಬರೀ ಮಣ್ಣು ಮುಚ್ಚಿ. ಇಷ್ಟು ಮುಚ್ಚಿದರೆ ನೊಣ ಬರುವುದಿಲ್ಲ. ಮಳೆ ನೀರು ಬೀಳದ ಹಾಗೆ ಗೋಣಿಚೀಲ ಹೊದಿಸಿ, ಪ್ಲಾಸ್ಟಿಕ್ ಬೇಡ. ಬಕೆಟ್ಟಿನಲ್ಲಿ ಗಾಳಿ ಶತ್ರು, ಇಲ್ಲಿ ಗಾಳಿ ಬೇಕು.

ಒಂದು ವಾರಕ್ಕೆ ಕೆದಕಿ ನೋಡಿ. ಒಳಗೆ ಬಿಳಿ ಎಳೆಗಳು ಹಬ್ಬಿರುತ್ತವೆ, ಸ್ವಲ್ಪ ಬೆಚ್ಚಗೂ ಇರಬಹುದು. ಒಮ್ಮೆ ಮಗುಚಿ ಮತ್ತೆ ಮುಚ್ಚಿ. ಎರಡನೇ ವಾರಕ್ಕೆ ಅನ್ನ, ಚಪಾತಿ, ಪಲ್ಯ ಎಲ್ಲ ಮಾಯ. ಮೂರು ನಾಲ್ಕು ವಾರಕ್ಕೆ ಮೊಟ್ಟೆ ಚಿಪ್ಪು, ಮಾವಿನ ಓಟೆ, ಜೋಳದ ದಿಂಡು ಬಿಟ್ಟರೆ ಬರೀ ಕಪ್ಪು ಮಣ್ಣು. ಮೊದಲ ಸಲ ನನಗೆ ನಂಬಲಾಗಲಿಲ್ಲ. ಅಷ್ಟೊಂದು ಕಸ ಎಲ್ಲಿ ಹೋಯಿತು? ಅಡುಗೆಮನೆ ಕಸದಲ್ಲಿ ಹೆಚ್ಚಿನದು ನೀರೇ, ಅದು ಹೋದ ಮೇಲೆ ಉಳಿಯುವುದು ಬಹಳ ಕಡಿಮೆ.

ಇದೇ ಕಾರಣಕ್ಕೆ ಪ್ರತಿ ಸಲ ಹೊಸ ಮಣ್ಣು ಕೊಳ್ಳಬೇಕಿಲ್ಲ. ತಯಾರಾದ ಮಣ್ಣಿನಲ್ಲಿ ಅರ್ಧ ಗಿಡಗಳಿಗೆ ತೆಗೆದು, ಉಳಿದರ್ಧಕ್ಕೆ ಕುಂಡಗಳಲ್ಲಿ ಸತ್ವ ಕಳೆದುಕೊಂಡ ಹಳೇ ಮಣ್ಣು ಸೇರಿಸಿ ಮುಂದಿನ ಬಕೆಟ್ಟಿಗೆ ಬಳಸಿ. ನಾನು ಮೊದಲು ತಂದ ಎರಡು ಚೀಲ ಕೆಮ್ಮಣ್ಣೇ ಇನ್ನೂ ಸುತ್ತುತ್ತಿದೆ. ಈಗ ಅದರ ಬಣ್ಣ ಕೆಂಪಲ್ಲ, ಕಾಫಿ ಪುಡಿಯದು.

ಆಯಿತೋ ಇಲ್ಲವೋ ತಿಳಿಯಲು ಮೂಗು ಸಾಕು. ಹುಳಿ ವಾಸನೆ ಹೋಗಿ ಮೊದಲ ಮಳೆಯ ಮಣ್ಣಿನ ವಾಸನೆ ಬಂದಿರಬೇಕು. ಅನುಮಾನವಿದ್ದರೆ ಒಂದು ಲೋಟಕ್ಕೆ ಆ ಮಣ್ಣು ಹಾಕಿ ಹತ್ತು ಕಾಳು ಮೆಂತ್ಯ ಬಿತ್ತಿ. ನಾಲ್ಕೈದು ದಿನದಲ್ಲಿ ಏಳೆಂಟು ಮೊಳೆತರೆ ಹುಳಿ ಹೋಗಿದೆ. ಮೊಳೆಯದಿದ್ದರೆ ಇನ್ನೊಂದು ವಾರ ಬಿಡಿ.

ತೋಟದ ಕಸ

ಒಣ ಎಲೆಯನ್ನು ಬಕೆಟ್ಟಿಗೆ ಹಾಕಬೇಡಿ. ಅದರಲ್ಲಿ ಹುಳಿ ಬರಲು ಬೇಕಾದ ಸಕ್ಕರೆಯೂ ಇಲ್ಲ, ತೇವವೂ ಇಲ್ಲ. ಸುಮ್ನೆ ಜಾಗ ತಿನ್ನುತ್ತದೆ. ಅದರ ಜಾಗ ಮಣ್ಣಿನ ತೊಟ್ಟಿ. ಎಲೆ ಉದುರುವ ಕಾಲದಲ್ಲಿ ರಸ್ತೆ ಬದಿ ರಾಶಿ ಹಾಕಿ ಬೆಂಕಿ ಹಚ್ಚುತ್ತಾರಲ್ಲ, ಅದರಲ್ಲಿ ನಾಲ್ಕು ಚೀಲ ತಂದಿಟ್ಟುಕೊಂಡರೆ ವರ್ಷಕ್ಕೆ ಸಾಕು. ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ರಸ್ತೆಯಲ್ಲಿ ಕಸ ಸುಡುವಂತೆಯೂ ಇಲ್ಲ. ಒಣಗಿಸಿಟ್ಟ ಅವರೆ ಸಿಪ್ಪೆ, ಯುಗಾದಿ ತೋರಣದ ಮಾವಿನೆಲೆ, ತೆಂಗಿನ ನಾರು ಎಲ್ಲ ಇಲ್ಲಿಗೇ. ಮಾವು, ಹಲಸಿನ ಎಲೆ ಗಟ್ಟಿ, ಪುಡಿ ಮಾಡದೆ ಹಾಕಿದರೆ ನಿಧಾನ.

ಎಳೇ ಹುಲ್ಲು, ನುಗ್ಗೆ ಸೊಪ್ಪು, ದಾಸವಾಳದ ಹೂವಿನಂಥ ಹಸಿಯಾದದ್ದನ್ನು ಹೆಚ್ಚಿ ಬಕೆಟ್ಟಿಗೆ ಹಾಕಬಹುದು. ಬೀಜ ಕಟ್ಟಿದ ಕಳೆ ಬೇಡ, ಹೂ ಬಿಟ್ಟ ಪಾರ್ಥೇನಿಯಂ ಅಂತೂ ಬೇಡವೇ ಬೇಡ. ದೊಡ್ಡ ತಿಪ್ಪೆ ಒಳಗೆ ಕಾದು ಬೀಜಗಳನ್ನು ಸಾಯಿಸುತ್ತದೆ. ಬೊಕಾಶಿಗೆ ಆ ಕಾವಿಲ್ಲ.

ಕೆಟ್ಟರೆ

ಹಸಿರು, ನೀಲಿ, ಕಪ್ಪು ಬೂಷ್ಟು ಬಂದರೆ ಗಾಳಿ ಹೊಕ್ಕಿದೆ ಅಥವಾ ಬೂಸಾ ಸಾಲದು. ಒಂದೆರಡು ಕಡೆ ಮಾತ್ರ ಇದ್ದರೆ ಆ ಭಾಗ ಎತ್ತಿ ತೆಗೆದು, ಧಾರಾಳವಾಗಿ ಬೂಸಾ ಹಾಕಿ, ಅದುಮಿ ಮುಚ್ಚಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೊದಲು ಕೆಳಗಿನ ನೀರು ನೋಡಿ. ಎಲ್ಲವೂ ಕೆಟ್ಟಿದ್ದರೂ ಎಸೆಯಬೇಕಿಲ್ಲ. ಒಣ ಎಲೆ, ಮಣ್ಣು ದುಪ್ಪಟ್ಟು ಹಾಕಿ ಕಲಸಿ, ಎರಡು ತಿಂಗಳು ಒಂದು ಮೂಲೆಯಲ್ಲಿಡಿ. ಮಣ್ಣು ಎಂಥದ್ದನ್ನೂ ಅರಗಿಸಿಕೊಳ್ಳುತ್ತದೆ, ಹೊತ್ತು ಮಾತ್ರ ಜಾಸ್ತಿ ಬೇಕು. ಹುಳ ಬಿದ್ದಿದ್ದರೂ ಇದೇ ಮದ್ದು. ಜೊತೆಗೆ ಮುಚ್ಚಳ ಬದಲಿಸಿ. ಪೇಂಟ್ ಬಕೆಟ್ಟಿನ ಮುಚ್ಚಳ ಒಂದೆರಡು ವರ್ಷಕ್ಕೆ ಅಂಚಿನಲ್ಲಿ ಸೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತೂತಿಲ್ಲದ ಬಕೆಟ್ಟಿಗೆ ನೀರು ತುಂಬಿ, ಆ ಮುಚ್ಚಳ ಹಾಕಿ ಬೋರಲು ಮಾಡಿ ನೋಡಿದರೆ ಗೊತ್ತಾಗುತ್ತದೆ.

ಖಾಲಿಯಾದ ಬಕೆಟ್ಟನ್ನು ಬರೀ ನೀರಲ್ಲಿ ತೊಳೆಯಿರಿ. ಬ್ಲೀಚಿಂಗ್ ಪೌಡರ್, ಫಿನಾಯಿಲ್ ಹಾಕಬೇಡಿ. ತೂತುಗಳಲ್ಲಿ ಸಿಕ್ಕಿಕೊಂಡ ಚೂರುಗಳನ್ನು ಪೊರಕೆ ಕಡ್ಡಿಯಲ್ಲಿ ತೆಗೆದು, ಒಂದು ಹೊತ್ತು ಬಿಸಿಲಿಗಿಡಿ. ಒಣಗಿದ ಮೇಲೆ ತಳಕ್ಕೆ ಎರಡು ಹಿಡಿ ಬೂಸಾ ಉದುರಿಸಿ, ಅವತ್ತಿನ ಕಾಫಿ ಚರಟದಿಂದಲೇ ಮತ್ತೆ ಶುರುಮಾಡಿ.